ಅಗರದ ಕೊನೇ ಕಲ್ಲು

ಕೊಳ್ಳೇಗಾಲ
20 ಜನವರಿ 2025

ಚೈತ್ರಮ್ಮನವರಿಗೆ,

ನೀವು ಕೇಳಿದ್ದ ಮೂವತ್ತೆರಡು ನೋಟ್‌ಬುಕ್ಕುಗಳನ್ನೂ ನಿನ್ನೆ ಪುಣೆಯ ವಿಳಾಸಕ್ಕೆ ಪಾರ್ಸಲ್ ಮಾಡಿದ್ದೇನೆ. ಪೋಸ್ಟಾಫೀಸಿನಲ್ಲಿ ಒಳಗೇನಿದೆ ಎಂದು ಕೇಳಿದರು. ನಾಲೆ ನೀರಿನ ಲೆಕ್ಕ ಎಂದೆ. ಆ ಹುಡುಗಿ ನನ್ನ ಮುಖ ನೋಡಿ 'ಬುಕ್ಸ್' ಎಂದು ಬರೆದುಕೊಂಡಳು.

ಪಾರ್ಸಲ್ಲಿನ ಬಟ್ಟೆಯನ್ನು ಹೊಲಿದುಕೊಟ್ಟವರು ನಮ್ಮ ಮನೆ ಒಡತಿ ಮಹಾಲಕ್ಷ್ಮಮ್ಮ. ನೀವು ಬಂದಾಗ ಮಗ್ಗದ ಮುಂದೆ ಕೂತಿದ್ದರಲ್ಲ, ಅವರೇ. ಅವರ ಮನೆಯ ಹಿಂಭಾಗದ ಎರಡು ಕೋಣೆ ನನ್ನ ಬಾಡಿಗೆಯ ಪಾಲು. ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಯಲ್ಲೇ ಹೊಲಿದರು. "ಗಟ್ಟಿ ನೂಲು ಕಣ್ರಿ. ನಿಮ್ಮ ನೀರು ಪುಣೆಗಂಟ ಒಂದ್ ತೊಟ್ಟೂ ಸೋರಾಕಿಲ್ಲ, ಬುಡಿ" ಎಂದರು. ಅವರಿಗೆ ನನ್ನನ್ನು ಹಾಸ್ಯ ಮಾಡುವುದೆಂದರೆ ಖುಷಿ. ನನಗೂ ಅಷ್ಟೇ, ದಿನಕ್ಕೆ ಅದೊಂದೇ ಮಾತು ನನ್ನ ಕಡೆ ಬರುವುದು.

ನೀವು ಬಂದದ್ದು ಅರ್ಧ ದಿನ. ನಾನು ಹೇಳಿದ್ದು ಹೆಚ್ಚು, ನೀವು ಬರೆದುಕೊಂಡದ್ದು ಕಡಿಮೆ. ಆದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ. ನಾನು 1986ರಲ್ಲಿ ನಾಲೆಗೆ ಸೌಡಿಯಾಗಿ, ಅಂದರೆ ನೀರು ನೋಡಿಕೊಳ್ಳುವ ಆಳಾಗಿ ಸೇರಿ, ವರ್ಕ್ ಇನ್ಸ್‌ಪೆಕ್ಟರ್ ಆಗಿ 2018ರಲ್ಲಿ ರಿಟೈರ್ ಆದವನು. ನನ್ನ ಕೈಕೆಳಗೆ ಎರಡು ಗೇಜ್ ಕಲ್ಲು. ಒಂದು ಧನಗೆರೆಯ ಹತ್ತಿರ, ನಾಲೆಯ ತಲೆಯಲ್ಲಿ. ಇನ್ನೊಂದು ಅಗರದ ಆಚೆ, ಕೊನೇ ತೂಬಿನ ಪಕ್ಕ. ಕಲ್ಲಿನ ಮೇಲೆ ಅಡಿ, ಅಂಗುಲದ ಗೆರೆ. ನೀರು ಎಷ್ಟಕ್ಕೆ ನಿಂತಿದೆಯೋ ಅಷ್ಟು ಬರೆದುಕೊಳ್ಳುವುದು. ಸರ್ಕಾರದ ಪುಸ್ತಕಕ್ಕೊಂದು ಸಲ, ನನ್ನ ನೋಟ್‌ಬುಕ್ಕಿಗೊಂದು ಸಲ. ಸರ್ಕಾರದವು ಎಲ್ಲಿ ಹೋದವೋ ಗೊತ್ತಿಲ್ಲ. ನನ್ನವನ್ನು ಟ್ರಂಕಿನಲ್ಲಿ ಇಟ್ಟಿದ್ದೆ. ಯಾರಾದರೂ ಕೇಳಿಕೊಂಡು ಬರುತ್ತಾರೆ ಎಂದಲ್ಲ. ಬಿಸಾಡಲು ಮನಸ್ಸು ಬರಲಿಲ್ಲ.

ನಾನು ಹುಟ್ಟಿದ್ದು ಲೊಕ್ಕನಹಳ್ಳಿ. ಮಳೆ ಬಂದರೆ ರಾಗಿ, ರಾಗಿ ಬಂದರೆ ಆನೆ. ಅಲ್ಲಿಯವನಿಗೆ ಜೀವನಪೂರ್ತಿ ನೀರಿನ ಪಕ್ಕದಲ್ಲಿ ನಿಲ್ಲುವ ಕೆಲಸ ಸಿಕ್ಕಿತು. ನನ್ನ ಮನೆಯವಳು ಅನಸೂಯಮ್ಮ ಅಗರದ ಗದ್ದೆ ಬಯಲಿನವಳು. ಈಗ ಇಲ್ಲ. ಮಕ್ಕಳಿಲ್ಲ ಎಂದು ಅವತ್ತೇ ಹೇಳಿದೆ.

ನಿಮ್ಮ ಕಂಪ್ಯೂಟರಿನೊಳಗೆ ಭೂಮಿ ಇದೆ, ಗಾಳಿ ಇದೆ, ಮೋಡ ಇದೆ, ನಾಲೆ ಮಾತ್ರ ಇಲ್ಲ ಎಂದಿರಿ. ಗದ್ದೆಗೆ ನೀರು ಕಟ್ಟಿದರೆ ಊರು ತಂಪಾಗುವುದು ಅದಕ್ಕೆ ಗೊತ್ತಿಲ್ಲ ಎಂದಿರಿ. ನಾನು ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟವನು, ಫಿಸಿಕ್ಸ್ ಲೆಕ್ಚರರ್ ಮಾತು ನೆನಪಿದೆ: ಲೇಟೆಂಟ್ ಹೀಟ್ ಈಸ್ ದಿ ಹೀಟ್ ವಿಚ್ ಈಸ್ ಅಬ್ಸಾರ್ಬ್ಡ್, ನಡುವೆ ಏನೋ ಇದೆ, ವಿತೌಟ್ ಎನಿ ರೈಸ್ ಇನ್ ಟೆಂಪರೇಚರ್. ನಡುವಿನದು ನಿಮಗೆ ಗೊತ್ತಿದ್ದರೆ ಬರೆಯಿರಿ. ಫೋನ್ ಮಾಡಬೇಡಿ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಫೋನ್ ಹಿಡಿದರೆ ಮಗ್ಗದ ಸದ್ದೊಂದೇ ಕೇಳುವುದು.

ಬರೀ ಮಾತಿಗೆ ಇಷ್ಟು ಹಾಳೆ ಆಯಿತು.

ಇಂತಿ ವಿಶ್ವಾಸದ
ಶಿವನಂಜಯ್ಯ

⁂

ಪುಣೆ
24 ಫೆಬ್ರವರಿ 2025

ಶಿವನಂಜಯ್ಯನವರಿಗೆ ನಮಸ್ಕಾರ.

ಪಾರ್ಸಲ್ ಸುರಕ್ಷಿತವಾಗಿ ಬಂತು. ರೇಷ್ಮೆ ದಾರವನ್ನು ಕತ್ತರಿಸಲು ಮನಸ್ಸಾಗದೆ ಬಿಚ್ಚುತ್ತಾ ಕೂತೆ. ಮಹಾಲಕ್ಷ್ಮಮ್ಮನವರಿಗೆ ತಿಳಿಸಿ, ಒಂದು ತೊಟ್ಟೂ ಸೋರಿಲ್ಲ.

ನಡುವಿನದು ಇದು: ನೀರು ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ, ಆದರೆ ಆ ಶಾಖ ನೀರಿನ ಉಷ್ಣತೆಯಾಗಿ ಕಾಣಿಸುವುದಿಲ್ಲ. ನನ್ನ ಕೆಲಸವೆಲ್ಲ ಆ ನಡುವಿನದರ ಮೇಲೇ ನಿಂತಿದೆ. ಕೊಳ್ಳೇಗಾಲ, ಯಳಂದೂರು, ಹನೂರುಗಳನ್ನು ಒಂದೊಂದು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿದ್ದೇನೆ. ಪ್ರತಿ ಚೌಕದ ಮಣ್ಣಿಗೂ ದಿನವೂ ಮಳೆ, ಬಿಸಿಲು, ಗಾಳಿ ಕೊಡುತ್ತೇನೆ. ಈಗ ನಿಮ್ಮ ಪುಸ್ತಕ ನೋಡಿ ನಾಲೆ ನೀರನ್ನೂ ಕೊಡುತ್ತಿದ್ದೇನೆ. ಮಧ್ಯಾಹ್ನ ನೆಲ ಎಷ್ಟು ಕಾಯುತ್ತದೆ ಎಂದು ಈ ಕಂಪ್ಯೂಟರ್ ಮಾದರಿ ಹೇಳುತ್ತದೆ, ಅದನ್ನು ಉಪಗ್ರಹ ಅಳೆದ ನೆಲದ ಶಾಖದ ಜೊತೆ ಹೋಲಿಸಿ ನೋಡುತ್ತೇನೆ.

ಉಪಗ್ರಹದ ಚಿತ್ರ ಸಿಗುವುದು 2000ದಿಂದ. ಮೊದಲ ಐದು ವರ್ಷ ಮುಗಿಸಿದೆ. ಧನಗೆರೆಯಲ್ಲೂ ಅಗರದಲ್ಲೂ ಅರ್ಧ ಡಿಗ್ರಿಯೊಳಗೆ ಹೊಂದಿಕೊಳ್ಳುತ್ತಿದೆ. ನೀರಿಲ್ಲದ ಲೊಕ್ಕನಹಳ್ಳಿಗೆ ಹೋಲಿಸಿದರೆ ನಿಮ್ಮ ಮಾವನವರ ಊರು ಅಕ್ಟೋಬರಿನಲ್ಲಿ ಐದು ಡಿಗ್ರಿ ತಂಪು. ನಮ್ಮ ಗುಂಪಿನಲ್ಲಿ ಯಾರೂ ಇಷ್ಟು ಹೊಂದಾಣಿಕೆ ನೋಡಿರಲಿಲ್ಲ. ಒಬ್ಬ ಮನುಷ್ಯ ನಡೆದುಹೋಗಿ ಕಣ್ಣಾರೆ ಕಂಡದ್ದನ್ನು ಬರೆದ ಲೆಕ್ಕ ಎಲ್ಲೂ ಸಿಗುವುದಿಲ್ಲ.

ಒಂದು ಪ್ರಶ್ನೆ. ಬೇರೆ ಮಾದರಿಗಳಲ್ಲಿ ಮಣ್ಣು ಇಷ್ಟು ಒಣಗಿತು ಎಂದಾಗ ನೀರು ತಾನಾಗಿ ಬೀಳುವ ಹಾಗೆ ಬರೆದಿರುತ್ತಾರೆ. ನಿಮ್ಮ ಕಡೆ ರೈತರು ನೀರು ಕಟ್ಟುವುದು ಹಾಗೆಯೇ ತಾನೆ?

ಗೌರವದಿಂದ,
ಚೈತ್ರ

⁂

ಕೊಳ್ಳೇಗಾಲ
6 ಮಾರ್ಚ್ 2025

ಚೈತ್ರಮ್ಮ,

ನಿಮ್ಮ ಕಾಗದ ಓದಿ ಮಹಾಲಕ್ಷ್ಮಮ್ಮನಿಗೆ ಹೇಳಿದೆ, ಇಡೀ ಇಂಡಿಯಾದಲ್ಲಿ ನನ್ನ ಲೆಕ್ಕದಂಥದ್ದು ಇಲ್ಲವಂತೆ ಎಂದು. "ಹಂಗಾರೆ ಬೀದಿಗೆಲ್ಲ ಕಾಫಿ ಕುಡ್ಸಿ" ಎಂದರು. ಕುಡಿಸಿದೆ. ಬೀದಿಗಲ್ಲ, ಅವರಿಗೆ ಮತ್ತು ಅವರ ಮಗ ನಿರಂಜನನಿಗೆ.

ನಿಮ್ಮ ಪ್ರಶ್ನೆಗೆ ಉತ್ತರ: ಅಲ್ಲ. ವಿತ್ ಡ್ಯೂ ರೆಸ್ಪೆಕ್ಟ್, ಮಣ್ಣಿಗೆ ಬಾಯಾರಿದಾಗ ನೀರು ಬೀಳುವುದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಇಲ್ಲಿ ಸರದಿ ಬಂದಾಗ ನೀರು. ಗದ್ದೆಯಲ್ಲಿ ಮೊಣಕಾಲುದ್ದ ನಿಂತಿದ್ದರೂ ಸರದಿ ಬಂದರೆ ರೈತ ತೂಬು ಎತ್ತುತ್ತಾನೆ. ಮುಂದಿನ ಸರದಿಯನ್ನು ಯಾರು ಕಂಡವರು? ಸರದಿ ಇಲ್ಲದ ದಿನ ನೆಲ ಬಾಯಿ ಬಿಟ್ಟರೂ ಎತ್ತುವ ಹಾಗಿಲ್ಲ. ಇನ್ನು ಬೋರ್‌ವೆಲ್ಲಿನವರದು ಬೇರೆ ಕಥೆ. ತ್ರೀಫೇಸ್ ಕರೆಂಟು ಯಾವಾಗ ಕೊಡುತ್ತಾರೋ ಆವಾಗ. ಕರೆಂಟು ಬಂದೊಡನೆ ತಾನೇ ಓಡಲಿ ಎಂದು ಸ್ಟಾರ್ಟರಿಗೆ ಆಟೋ ಹಾಕಿ ಮನೆಗೆ ಬಂದುಬಿಡುತ್ತಾರೆ. ಹೊರಗೆ ಮಳೆ ಸುರಿಯುತ್ತಿರುತ್ತದೆ, ಒಳಗೆ ಮೋಟಾರು ಓಡುತ್ತಿರುತ್ತದೆ. ಆದ್ದರಿಂದ ನಿಮ್ಮ ಮಾದರಿಗೆ ಮಣ್ಣನ್ನಲ್ಲ, ಮನುಷ್ಯನನ್ನು ಕೇಳಲು ಕಲಿಸಿ.

ನೀರು ಬಿಟ್ಟ ದಿನ ನಾನು ತಲೆಯ ಕಲ್ಲಿನಿಂದ ಸೈಕಲ್ಲಿನಲ್ಲಿ ಏರಿಯ ಮೇಲೆ ಹೊರಡುತ್ತಿದ್ದೆ. ನೀರಿನದು ನಿಧಾನ, ನನ್ನದು ಇನ್ನೂ ನಿಧಾನ. ಅಲ್ಲಲ್ಲಿ ಇಳಿದು ಬೀಡಿ ಸೇದುವುದು. ಸಂಜೆಗೆ ಅಗರದ ಕೊನೇ ಕಲ್ಲು ಮುಟ್ಟಿದರೆ ಅಲ್ಲೇ ನನ್ನ ಮಾವನ ಮನೆ. ಕಲ್ಲು ನೋಡಿ, ಬರೆದುಕೊಂಡು, ಕಾಲು ತೊಳೆದು ಜಗಲಿ ಹತ್ತಿದರೆ ಭಾಮೈದ, ಅಂದರೆ ಅನಸೂಯಳ ತಮ್ಮ, "ಬಾವ, ನಿಮ್ಮ ನೀರು ನಿಮಗಿಂತ ಮದ್ಲು ಬಂತು" ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆ ನೆರೆಹೊರೆಯವರಿಗೆ, ಮಳೆ ನಂಬ್ಕಂಡಿರೋ ಊರಿಗೆ ಹೆಣ್ಣು ಕೊಟ್ಬುಟ್ವಿ ಎಂದು ಹೇಳಿಕೊಂಡು ಅತ್ತಿದ್ದರಂತೆ. ನನಗೆ ನಾಲೆ ಕೆಲಸ ಸಿಕ್ಕಿದ ಮೇಲೆ ಊಟಕ್ಕೆ ತುಪ್ಪ ಬಿತ್ತು.

ಇದೆಲ್ಲ ನಿಮ್ಮ ಚೌಕಕ್ಕೆ ಬೇಕಿಲ್ಲ. ಪೋಸ್ಟ್‌ಮನ್ ಈ ಬೀದಿಗೆ ಹನ್ನೊಂದೂವರೆಗೆ ಬರುತ್ತಾನೆ. ಹನ್ನೊಂದಕ್ಕೇ ಬಾಗಿಲಲ್ಲಿ ಕೂತಿರುತ್ತೇನೆ ಎಂದು ಅವನು ಬೇರೆಯವರ ಹತ್ತಿರ ನಗುತ್ತಾನಂತೆ. ನಗಲಿ.

ಉಳಿದ ವರ್ಷಗಳೂ ಹೀಗೇ ಹೊಂದಿಕೊಂಡವೇ?

ನಿಮ್ಮ
ಶಿವನಂಜಯ್ಯ

⁂

ಪುಣೆ
11 ಏಪ್ರಿಲ್ 2025

ಪ್ರೀತಿಯ ಶಿವನಂಜಯ್ಯನವರೇ,

ಮಾದರಿಗೆ ಸರದಿ ಕಲಿಸಿದೆ. ನಿಮ್ಮ ಕಾಗದದ ಆ ಪ್ಯಾರಾವನ್ನು ಅನುವಾದಿಸಿ ಗುಂಪಿನ ಸಭೆಯಲ್ಲಿ ಓದಿದೆ. ಮಳೆಯಲ್ಲಿ ಓಡುವ ಮೋಟಾರಿಗೆ ಎಲ್ಲರೂ ನಕ್ಕರು.

ಒಂದು ಕಡೆ ಸಿಕ್ಕಿಕೊಂಡಿದ್ದೇನೆ. 2010ರ ಅಕ್ಟೋಬರಿನವರೆಗೂ ಎಲ್ಲ ಸರಿ. ಆ ನವೆಂಬರಿನಿಂದ ಅಗರದ ಆಚೆಯ ನಾಲ್ಕು ಚೌಕಗಳಲ್ಲಿ ಮಾದರಿಯ ನೆಲ ತಂಪಾಗಿದೆ, ಉಪಗ್ರಹ ಕಂಡ ನೆಲ ಬಿಸಿಯಾಗಿದೆ. ಮೂರು ಡಿಗ್ರಿ, ಕೆಲವು ಸರದಿಗಳಲ್ಲಿ ನಾಲ್ಕು. ಧನಗೆರೆಯ ಕಡೆ ಏನೂ ವ್ಯತ್ಯಾಸವಿಲ್ಲ. 2018ರಲ್ಲಿ ನಿಮ್ಮ ಪುಸ್ತಕ ಮುಗಿಯುವವರೆಗೂ ಹೀಗೇ ಇದೆ.

ಪುಸ್ತಕದಲ್ಲಿ ಪ್ರತಿ ಸರದಿಗೂ ಕೊನೇ ಕಲ್ಲಿನ ಅಳತೆ ಇದೆ. ಎರಡೂವರೆ ಅಡಿ, ಎರಡು ಅಡಿ, ಎರಡೂಕಾಲು. ನೀರು ಇತ್ತು. ಆದರೂ ನೆಲ ಕಾದಿದೆ. ಆ ತಿಂಗಳು ಅಲ್ಲಿ ಏನಾದರೂ ಆಯಿತೇ? ಬೆಳೆ ಬದಲಾಯಿತೇ, ಕಲ್ಲನ್ನು ಸ್ಥಳಾಂತರಿಸಿದರೇ? ಚಿಕ್ಕ ವಿಷಯವಾದರೂ ತಿಳಿಸಿ.

ಗೌರವದಿಂದ,
ಚೈತ್ರ

⁂

ಕೊಳ್ಳೇಗಾಲ
29 ಏಪ್ರಿಲ್ 2025

ಚೈತ್ರಮ್ಮ,

ಉತ್ತರ ತಡವಾಯಿತು. ಜ್ವರವಿರಲಿಲ್ಲ, ಬಿಸಿಲಿತ್ತು.

ಆ ತಿಂಗಳು ನಾಲೆಯಲ್ಲಿ ವಿಶೇಷವೇನೂ ನಡೆದಿಲ್ಲ. ಕಲ್ಲು ಹಾಕಿದ ಜಾಗದಲ್ಲೇ ಇದೆ. ಬೆಳೆಯೂ ಅದೇ ಭತ್ತ. ಉಪಗ್ರಹ ಅಷ್ಟು ಎತ್ತರದಿಂದ ನೋಡುತ್ತದೆ, ಅದಕ್ಕೂ ವಯಸ್ಸಾಗುತ್ತದಲ್ಲವೇ?

ಇಲ್ಲಿ ನಿರಂಜನನಿಗೆ ಹೆಣ್ಣು ನೋಡುತ್ತಿದ್ದಾರೆ. ಮಗ್ಗದ ಮನೆಗೆ ಬರುವ ಹೆಣ್ಣು ಸಿಗುವುದು ಕಷ್ಟ ಎಂದು ಮಹಾಲಕ್ಷ್ಮಮ್ಮನ ಚಿಂತೆ. ಮಾವಿನಕಾಯಿ ಚೆನ್ನಾಗಿ ಬಂದಿದೆ.

ಶಿವನಂಜಯ್ಯ

⁂

ಪುಣೆ
16 ಜೂನ್ 2025

ಪ್ರೀತಿಯ ಶಿವನಂಜಯ್ಯನವರೇ,

ನಿಮ್ಮ ಹಿಂದಿನ ಕಾಗದ ಬಹಳ ಚಿಕ್ಕದಿತ್ತು. ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಅಗರದ ಗಂಟು ಬಿಡಿಸಲು ಒಂದೂವರೆ ತಿಂಗಳು ತೆಗೆದುಕೊಂಡೆ. ಉಪಗ್ರಹದ ತಪ್ಪಲ್ಲ, ಬೇರೊಂದು ಉಪಗ್ರಹವೂ ಅದನ್ನೇ ಹೇಳುತ್ತಿದೆ. ಹಾಗಾದರೆ ಉಳಿದವು ಎರಡು, ಒಂದೋ ನಿಮ್ಮ ಪುಸ್ತಕ ತಪ್ಪು, ಇಲ್ಲವೇ ನನ್ನ ಮಾದರಿ ತಪ್ಪು. ನಮ್ಮ ಮಾರ್ಗದರ್ಶಕರು ಪುಸ್ತಕವನ್ನೇ ಅನುಮಾನಿಸಿದರು. ನಾನು ಒಪ್ಪಲಿಲ್ಲ. ಹತ್ತು ವರ್ಷ ಅರ್ಧ ಡಿಗ್ರಿ ತಪ್ಪದ ಮನುಷ್ಯ ಹನ್ನೊಂದನೇ ವರ್ಷ ಯಾಕೆ ತಪ್ಪುತ್ತಾರೆ ಎಂದು ಜಗಳವಾಡಿದೆ. ನಾನು ನಿಮ್ಮನ್ನು ಕೇಳಿದ್ದೆ, ನೀವು ಉತ್ತರ ಕೊಟ್ಟಿದ್ದಿರಿ. ಅಷ್ಟು ಸಾಕು ಎಂದೆ.

ಆದ್ದರಿಂದ ಮಾದರಿಯನ್ನೇ ಬಗ್ಗಿಸುತ್ತಿದ್ದೇನೆ. ನಿಂತ ನೀರು ನೆಲವನ್ನು ಎಷ್ಟು ತಣಿಸುತ್ತದೆ ಎಂಬ ಅಂಕಿಯನ್ನು ಇಳಿಸಿದರೆ ಅಗರ ಹೊಂದಿಕೊಳ್ಳುತ್ತದೆ. ಧನಗೆರೆ ಸ್ವಲ್ಪ ಕೆಡುತ್ತದೆ, ಹಳೆಯ ವರ್ಷಗಳೂ ಸ್ವಲ್ಪ ಕೆಡುತ್ತವೆ. ಸಹಿಸಿಕೊಳ್ಳಬಹುದು. ಜುಲೈ ಕೊನೆಗೆ ಪ್ರಬಂಧ ಕಳುಹಿಸುತ್ತೇವೆ. ಆಮೇಲೆ ಬೇರೆಯವರು ಈ ಅಂಕಿಯನ್ನು ಕಾವೇರಿ ಬಯಲಿಗೆಲ್ಲ ಬಳಸುತ್ತಾರೆ. ಕೃತಜ್ಞತೆಯಲ್ಲಿ ಮೊದಲ ಹೆಸರು ನಿಮ್ಮದು.

ಚೈತ್ರ

⁂

ಕೊಳ್ಳೇಗಾಲ
3 ಜುಲೈ 2025

ಚೈತ್ರಮ್ಮ,

ಅಂಕಿ ಇಳಿಸಬೇಡಿ. ಮಾದರಿ ಸರಿ ಇದೆ. ಪುಸ್ತಕ ತಪ್ಪು.

ಇಷ್ಟು ಬರೆಯಲು ಹತ್ತು ದಿನ ಬೇಕಾಯಿತು. ನಾಲ್ಕು ಕಾಗದ ಹರಿದೆ. ಒಂದನ್ನು ಇಂಗ್ಲಿಷಿನಲ್ಲಿ ಬರೆದೆ, ಐ ರಿಗ್ರೆಟ್ ಟು ಇನ್‌ಫಾರ್ಮ್ ಯು ಎಂದು. ಇಂಗ್ಲಿಷಿನಲ್ಲಿ ಅದು ಬೇರೆ ಯಾರೋ ಮಾಡಿದ ತಪ್ಪಿನ ಹಾಗೆ ಕಂಡಿತು. ಅದನ್ನೂ ಹರಿದೆ.

2010ರ ನವೆಂಬರ್ 12ರಂದು ನನ್ನ ಹೆಂಡತಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಿಶೇಷವೇನೂ ನಡೆದಿಲ್ಲ ಎಂದು ನಿಮಗೆ ಬರೆದಿದ್ದೆ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಅಗರದ ಸರದಿ ಎಂಟನೇ ತಾರೀಕಿನಿಂದ. ಧನಗೆರೆಯಲ್ಲಿದ್ದ ಸೌಡಿ ಫೋನ್ ಮಾಡಿ, ತಲೆಯ ಕಲ್ಲಿನಲ್ಲಿ ನಾಲ್ಕು ಅಡಿ ಸಾ, ಎಂದ. ತಲೆಯಲ್ಲಿ ನಾಲ್ಕಿದ್ದರೆ ಕೊನೆಯಲ್ಲಿ ಎರಡೂವರೆ. ಇಪ್ಪತ್ತನಾಲ್ಕು ವರ್ಷ ಏರಿ ಮೇಲೆ ಓಡಾಡಿದವನಿಗೆ ಅದು ಬಾಯಿಪಾಠ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎರಡೂವರೆ ಎಂದು ಬರೆದೆ. ಹೋಗಿ ನೋಡದೆ ಬರೆದ ಮೊದಲ ಅಳತೆ ಅದು.

ಹತ್ತನೇ ತಾರೀಕು ಬೆಳಿಗ್ಗೆ ಅನಸೂಯ, "ಪುಟ್ಟ ಬಂದ್ನಾ?" ಎಂದು ಕೇಳಿದಳು. ಪುಟ್ಟ ಎಂದರೆ ಅವಳ ತಮ್ಮ ಪುಟ್ಟಸಿದ್ದಯ್ಯ. ಅವಳು ಎತ್ತಿ ಆಡಿಸಿ ಬೆಳೆಸಿದ ತಮ್ಮ. ನಾನು ಅವನಿಗೆ ಹೇಳಿಯೇ ಇರಲಿಲ್ಲ. ಕದಿರು ಹಾಲು ತುಂಬುವ ಕಾಲ, ಅದೇ ಕೊನೇ ನೀರು, ಅದು ತಪ್ಪಿದರೆ ಭತ್ತವೆಲ್ಲ ಜೊಳ್ಳು. ಕೊನೇ ಕಲ್ಲಿಗೆ ಎರಡೂವರೆ ಅಡಿ ನೀರು ಬಂದಿರುವಾಗ ಅವನನ್ನು ಎಬ್ಬಿಸಿಕೊಂಡು ಬರುವುದು ಹೇಗೆ, ಸರದಿ ಮುಗಿಯಲಿ, ಹದಿನೈದಕ್ಕೆ ಹೇಳೋಣ, ಡಾಕ್ಟರೂ ಗಾಬರಿ ಬೇಡ ಎಂದಿದ್ದಾರೆ ಎಂದುಕೊಂಡೆ. ಅವಳಿಗೂ ಹಾಗೇ ಹೇಳಿದೆ. ಅವಳೂ ಗದ್ದೆ ಬಯಲಿನವಳಲ್ಲವೇ. "ಊಂ, ನೀರ್ ಬುಟ್ಟು ಎಂಗ್ ಬಂದಾನು" ಎಂದಳು. ಆಮೇಲೆ ಕೇಳಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು.

ಹನ್ನೊಂದನೇ ದಿನದ ತಿಥಿಗೆ ನೆಂಟರೆಲ್ಲ ಕೂತಿದ್ದಾಗ ಪುಟ್ಟಸಿದ್ದಯ್ಯ ಎದ್ದು ನಿಂತು, "ದಿನಾ ನೀರಿನ ಲೆಕ್ಕ ಬರಿಯಾಕ್ ಬತ್ತಿತ್ತು, ನಂಗೊಂದ್ ಮಾತು ಏಳಾಕ್ ಬರ್ನಿಲ್ವಾ ಬಾವ?" ಎಂದ. ನಾನು ಎಲೆ ಒರೆಸುತ್ತಾ ಕೂತೆ. ಅವನು ಎಲೆ ಮುಂದೆ ಕೂರದೆ ಹೊರಟುಹೋದ.

ಅದಾದ ಮೇಲೆ ನಾನು ಅಗರದ ಕಡೆಗೆ ಸೈಕಲ್ ತಿರುಗಿಸಲಿಲ್ಲ. ಕೊನೇ ಕಲ್ಲು ನೋಡಬೇಕಾದರೆ ಅವನ ಜಗಲಿ ಮುಂದೆ ಹಾಯಬೇಕು. ಬೇರೆ ದಾರಿಯಿಲ್ಲ. ಅರ್ಧ ನಾಲೆಗೆ ಹೋಗಿ ವಾಪಸ್ಸು ಬರುತ್ತಿದ್ದೆ. ತಲೆಯ ಅಳತೆಯಲ್ಲಿ ಒಂದೂವರೆ ಕಳೆದು ಬರೆಯುತ್ತಿದ್ದೆ. ಎಲ್ಲ ಸಲವೂ ಒಂದೇ ಬರಬಾರದೆಂದು ಕಾಲು ಅಡಿ ಆಕಡೆ ಈಕಡೆ ಮಾಡುತ್ತಿದ್ದೆ. ಎಂಟು ವರ್ಷ. ನಡುವೆ ರೈತರು ನಾಲೆಗೇ ಮೋಟಾರ್ ಇಳಿಸಿ ಮೇಲಿನ ಹೊಲಗಳಿಗೆ ನೀರೆತ್ತುವುದು ಶುರುವಾಗಿತ್ತು. ಕಣ್ಣಾರೆ ಕಂಡಿದ್ದೇನೆ. ಕೊನೆಗೆ ನೀರು ಹೋಗುತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದಿತ್ತು. ಅನುಮಾನ ಬಂದದ್ದಕ್ಕೇ ಹೋಗಿ ನೋಡಲಿಲ್ಲ.

ಒಬ್ಬ ಮನುಷ್ಯ ನಡೆದುಹೋಗಿ ಕಣ್ಣಾರೆ ಕಂಡದ್ದು ಎಂದು ಫೆಬ್ರವರಿಯಲ್ಲಿ ಬರೆದಿರಿ. ಆಗಲೇ ಹೇಳಬೇಕಿತ್ತು. ಹೇಳಿದರೆ ಕಾಗದ ಬರುವುದು ನಿಂತುಹೋಗುತ್ತದೆ ಎಂದು ಹೇಳಲಿಲ್ಲ. ಇದೇ ನಿಜ, ಬೇರೆ ಕಾರಣವಿಲ್ಲ.

ನನ್ನ ಹೆಸರು ತೆಗೆಯಿರಿ. ಉಳಿದ ಪುಸ್ತಕ, 1986ರಿಂದ 2010ರ ಅಕ್ಟೋಬರಿನವರೆಗೆ, ಅಕ್ಷರಶಃ ನಿಜ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಶಿವನಂಜಯ್ಯ

⁂

ಪುಣೆ
19 ಜುಲೈ 2025

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಪ್ರಬಂಧವನ್ನು ತಡೆಹಿಡಿದಿದ್ದೇವೆ. ಅಂಕಿಯನ್ನು ಮೊದಲಿದ್ದಲ್ಲಿಗೆ ತಂದಿದ್ದೇನೆ. ಮಾರ್ಗದರ್ಶಕರಿಗೆ ವಿಷಯ ಹೇಳುವ ದಿನ ಕಷ್ಟವಾಯಿತು.

ನಿಮ್ಮ ಶ್ರೀಮತಿಯವರ ವಿಷಯ ತಿಳಿದು ದುಃಖವಾಯಿತು. ಏಪ್ರಿಲಿನಲ್ಲಿ ನಾನು ಕೇಳಿದ ರೀತಿಯೂ ಒರಟಾಗಿತ್ತೇನೋ, ಗೊತ್ತಿಲ್ಲ.

ಈಗ ಎರಡೇ ದಾರಿ. ಆ ಎಂಟು ವರ್ಷಗಳ ಅಗರವನ್ನು ಬಿಟ್ಟುಬಿಡುವುದು, ಇಲ್ಲವೇ ಯಾವ ಸರದಿಗೆ ನೀರು ನಿಜವಾಗಿ ಬಂತು ಎಂಬುದಕ್ಕೆ ಬೇರೆ ಆಧಾರ ಹುಡುಕುವುದು. ಅಡಿ ಅಂಗುಲ ಬೇಡ. ಬಂತು, ಬರಲಿಲ್ಲ ಎಂದು ಗೊತ್ತಾದರೂ ಸಾಕು. ನಾಲೆಯ ಕೊನೆಯಲ್ಲಿ ಅದನ್ನು ಬಲ್ಲವರು ಯಾರಾದರೂ ಇದ್ದಾರೆಯೇ? ಆಗಸ್ಟ್ ಕೊನೆಯವರೆಗೆ ಕಾಯುತ್ತೇನೆ.

ಇತಿ,
ಚೈತ್ರ

⁂

ಕೊಳ್ಳೇಗಾಲ
18 ಆಗಸ್ಟ್ 2025

ಚೈತ್ರಮ್ಮ,

ಇದರ ಜೊತೆ ಆರು ಹಾಳೆ ಇಟ್ಟಿದ್ದೇನೆ. 2010ರ ನವೆಂಬರಿನಿಂದ 2018ರ ಮೇ ತಿಂಗಳವರೆಗೆ ಅಗರದ ಕೊನೇ ತೂಬಿಗೆ ನೀರು ಬಂದ ದಿನಗಳು. ಎಲ್ಲಿಂದ ಸಿಕ್ಕಿತು ಎಂದು ಹೇಳಲೇಬೇಕು, ಆಧಾರ ಕೇಳಿದ್ದೀರಿ.

ನಿಮ್ಮ ಕಾಗದ ಬಂದ ಮೇಲೆ ಹದಿನೈದು ದಿನ ಸುಮ್ಮನಿದ್ದೆ. ಮಹಾಲಕ್ಷ್ಮಮ್ಮನಿಗೆ ಪೂರ್ತಿ ಹೇಳಿರಲಿಲ್ಲ, ಅಗರಕ್ಕೆ ಹೋಗಬೇಕು ಎಂದಷ್ಟೇ ಹೇಳಿದ್ದೆ. "ಓಗ್ಬೇಕು ಓಗ್ಬೇಕು ಅಂತ ದಿನಾ ಚಪ್ಲಿ ಮೆಟ್ಕಂಡು ಬಾಗ್ಲಲ್ಲಿ ಕುಂತ್ಕತೀರಿ. ಚಪ್ಲಿ ಸವೀತದೆ ಅಷ್ಟೇಯ. ನಡೀರಿ ಆಚೆಗೆ" ಎಂದು ಒಂದು ದಿನ ಗದರಿಸಿಬಿಟ್ಟರು. ಬಸ್ಸು ಹತ್ತಿದೆ.

ಕೊನೇ ಕಲ್ಲಿನ ತನಕ ಕ್ರಾಸಿನಿಂದ ನಡೆದೆ. ಕಲ್ಲಿನ ಮೇಲಿನ ಗೆರೆಗಳು ಅರ್ಧಕ್ಕೆ ಅಳಿಸಿವೆ. ನಾಲೆಯಲ್ಲಿ ಒಂದು ಗೇಣು ನೀರಿತ್ತು. ಜಗಲಿ ಮೇಲೆ ಪುಟ್ಟಸಿದ್ದಯ್ಯ ಕಡಲೆಕಾಯಿ ಬಿಡಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದೇಳಲಿಲ್ಲ.

"ಯಾರು? ವರ್ಕ್ ಇನ್ಸ್‌ಪೆಕ್ಟರಾ? ದಾರಿ ತಪ್ತಾ?" ಎಂದ.

"ತಪ್ಪಿ ಹದಿನೈದು ವರ್ಷ ಆಯ್ತು ಕಣಪ್ಪ" ಎಂದೆ.

ಒಳಗಿನಿಂದ ಅವನ ಹೆಂಡತಿ ರತ್ನ ಬಂದು, "ಅಯ್ಯೋ ಅಣ್ಣ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಕಾಲಿಗೆ ನೀರು ಕೊಟ್ಟಳು. ಅವನು ಕಡಲೆಕಾಯಿ ಬಿಡಿಸುತ್ತಲೇ ಇದ್ದ.

ನಾನು ಬಂದ ಕೆಲಸ ಹೇಳಿದೆ. ಮುಚ್ಚಿಟ್ಟುಕೊಳ್ಳಲಿಲ್ಲ. ನೀವು ಯಾರು, ಚೌಕ ಎಂದರೇನು, ಎಂಟು ವರ್ಷ ನಾನು ಏನು ಬರೆದೆ, ಎಲ್ಲ ಹೇಳಿದೆ. ಅವನಿಗೆ ಚೌಕ ಅರ್ಥವಾಯಿತೋ ಇಲ್ಲವೋ, ಎಂಟು ವರ್ಷ ಅರ್ಥವಾಯಿತು.

"ಓಹೋ. ನಾವು ಅರ್ಜಿ ಕೊಟ್ಟಾಗೆಲ್ಲ ಆಫೀಸ್ನೋರು, ಪುಸ್ತಕ್ದಲ್ಲಿ ನೀರ್ ಐತೆ ಕಣಯ್ಯ, ನಿಮ್ಮೂರೋರ್ಗೆ ಕಣ್ ಕಾಣಾಕಿಲ್ವಾ ಅಂತಿದ್ರು. ಆ ಪುಸ್ತಕ ನಿಮ್ದೇನಾ?"

"ನಂದೇ."

"ಭೇಷ್ ಬಾವ" ಎಂದ. ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ರತ್ನಳೇ, "ಕ್ಯಾಲೆಂಡ್ರು ಐತಲ್ಲ" ಎಂದಳು. ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಲಾರದು. ಸರದಿ ನೀರು ಬಂದ ದಿನ ಕೊನೇ ತೂಬಿನವರು ತೂಬಿಗೆ ಅರಿಶಿನ ಕುಂಕುಮ ಇಟ್ಟು, ಹಾಲು ಎರೆದು ಪೂಜೆ ಮಾಡುತ್ತಾರೆ. ತಲೆಯ ಕಡೆಯವರು ಮಾಡುವುದಿಲ್ಲ, ಅವರಿಗೆ ನೀರು ಬರುವುದು ದೊಡ್ಡದಲ್ಲ. ಪೂಜೆ ಮಾಡಿ ಬಂದ ಕೈಯಲ್ಲೇ ರತ್ನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮೇಲೆ ಅರಿಶಿನದ ಬೊಟ್ಟು ಒತ್ತುತ್ತಾಳೆ. ಅತ್ತೆ ಕಲಿಸಿದ್ದಂತೆ. ಹಳೇ ಕ್ಯಾಲೆಂಡರ್ ತೆಗೆಯುವುದಿಲ್ಲ, ದೇವರ ಪಟವಿರುತ್ತದೆ ಎಂದು ಅದೇ ಮೊಳೆಗೆ ಅದರ ಮೇಲೇ ಹೊಸದನ್ನು ನೇತುಹಾಕುತ್ತಾಳೆ. ಇಳಿಸಿದರೆ ಇಪ್ಪತ್ತು ಇಪ್ಪತ್ತೊಂದು ವರ್ಷದವು, ಒಂದು ಚಾಪೆಯಷ್ಟು ದಪ್ಪ. ಜಗಲಿ ಮೇಲೆ ಹರಡಿಕೊಂಡು ಕೂತೆವು. ಅರಿಶಿನ ಮಾಸಿದೆ, ಆದರೆ ಕಾಗದದ ಹಿಂದಕ್ಕೆ ಎಣ್ಣೆ ಇಳಿದ ಹಾಗೆ ಕಲೆ ಉಳಿದಿದೆ.

ಅವನು ತಾರೀಕು ಓದಿದ, ನಾನು ಬರೆದುಕೊಂಡೆ. ಇತ್ತೀಚಿನದರಿಂದ ಹಿಂದಕ್ಕೆ ಹೋದೆವು. ಕೆಲವು ವರ್ಷ ಮೂರು ಬೊಟ್ಟು. 2012ರಲ್ಲಿ, 2016ರಲ್ಲಿ ಒಂದೂ ಇಲ್ಲ. ಒಂದೊಂದು ಖಾಲಿ ತಿಂಗಳಿಗೂ ಅವನ ಹತ್ತಿರ ಮಾತಿತ್ತು. ಈ ಸಲ ಹುರುಳಿ ಬಿತ್ತಿದೆ, ಈ ಸಲ ಪೈರನ್ನೆಲ್ಲ ದನಕ್ಕೆ ಬಿಟ್ಟೆ, ಈ ಸಲ ಗಾರೆ ಕೆಲಸಕ್ಕೆ ಕೊಳ್ಳೇಗಾಲಕ್ಕೆ ಬಂದಿದ್ದೆ, ನಿಮ್ಮ ಬೀದಿಯಲ್ಲೇ ಎರಡು ವಾರ ಇದ್ದೆ ಎಂದ. ನಾನು ತಲೆ ಎತ್ತಲಿಲ್ಲ.

ನಮಗೆ ಬೇಕಾದವುಗಳಲ್ಲಿ ಕೊನೆಯದು 2010ರದು. ಆ ವರ್ಷ ಜುಲೈ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ನಾಲ್ಕರಲ್ಲೂ ಬೊಟ್ಟು. ಪುಟ ಮಗುಚಿದ. ನವೆಂಬರ್. ಎಂಟು, ಒಂಬತ್ತು, ಹತ್ತು, ಹನ್ನೊಂದು. ಪುಟವೆಲ್ಲ ಬರಿದಾಗಿತ್ತು.

"ಆ ಸರದಿ ನೀರೇ ಬರ್ನಿಲ್ಲ ಬಾವ" ಎಂದ. "ಮೇಲೆ ಎಲ್ಲೋ ಏರಿ ಒಡ್ಕಂಡಿತ್ತಂತೆ. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ವಾರವೆಲ್ಲ ಕಾದು ಕುಂತಿದ್ನಿ. ಇಲ್ಲೇಯ, ಈ ಜಗಲಿ ಮೇಲೆ. ಕೆಲ್ಸ ಇರ್ನಿಲ್ಲ."

ನನಗೆ ಕೇಳಿಸಿತು. ಎಡಗಿವಿ ಅವನ ಕಡೆಗೇ ಇತ್ತು.

ಅಲ್ಲಿಂದ ಮೈಸೂರಿಗೆ ಎರಡು ಗಂಟೆಯ ದಾರಿ. ಅವಳು ಎರಡು ದಿನ ಬಾಗಿಲು ನೋಡಿದಳು. ನೀರಿದೆ ಎಂದು ನಾನೇ ಬರೆದೆ, ನಾನೇ ನಂಬಿದೆ, ಅವಳನ್ನೂ ನಂಬಿಸಿದೆ. ಇಷ್ಟನ್ನು ಅವನಿಗೆ ಹೇಳಿದೆ. ಅವಳು ಹತ್ತನೇ ತಾರೀಕು ಬೆಳಿಗ್ಗೆ ಏನು ಕೇಳಿದಳು, ನಾನು ಏನು ಹೇಳಿದೆ, ಅವಳು ಏನು ಹೇಳಿದಳು, ಅಷ್ಟನ್ನೂ. ತಿಥಿಯ ದಿನ ಹೇಳಬೇಕಾದ್ದು. ಅವನು ಬಹಳ ಹೊತ್ತು ಕಡಲೆ ಸಿಪ್ಪೆಯನ್ನು ಒಂದು ಕಡೆಗೆ ಗುಡಿಸುತ್ತಿದ್ದ. ರತ್ನ ಒಳಗೆ ಹೋದವಳು ಹೊರಗೆ ಬರಲಿಲ್ಲ.

ಆಮೇಲೆ ಅವನೇ, "ಬರ್ಕಳಿ. ಆ ಪುಟ ಬರೀದೇ ಬಿಟ್ಬುಟ್ರಲ್ಲ" ಎಂದ.

ನನ್ನ ಹಳೇ ಪುಸ್ತಕದಲ್ಲಿ ಆ ಸರದಿಗೆ ಎರಡೂವರೆ ಅಡಿ ಇದೆ, ನಿಮ್ಮ ಹತ್ತಿರವೇ ಇದೆ, ನೋಡಿ. ಈ ಹಾಳೆಯಲ್ಲಿ ಸೊನ್ನೆ ಎಂದು ಬರೆದಿದ್ದೇನೆ. ಬರೆಯುವಾಗ ಅವನು ಪಕ್ಕಕ್ಕೆ ಸರಿದು ಕೂತು ನೋಡುತ್ತಿದ್ದ.

"ನಾನು ಮನೇಲೇ ಇದ್ನಿ ಅಂತಾನೂ ಬರೀರಿ" ಎಂದ.

ಅದಕ್ಕೆ ಕಾಲಂ ಇಲ್ಲ ಎಂದೆ. "ಮಾಡ್ಕಳಿ" ಎಂದ. ಪಕ್ಕದಲ್ಲಿ ಗೆರೆ ಎಳೆದು ಷರಾ ಎಂದು ಒಂದು ಕಾಲಂ ಮಾಡಿ ಬರೆದಿದ್ದೇನೆ. ಉಳಿದ ಸಾಲುಗಳಲ್ಲಿ ಅದು ಖಾಲಿ ಇದೆ. ನಿಮ್ಮ ಚೌಕಕ್ಕೆ ಬೇಡವಾದರೆ ಬಿಟ್ಟುಬಿಡಿ, ಆದರೆ ಹಾಳೆಯಿಂದ ಕತ್ತರಿಸಬೇಡಿ.

ಶಿವನಂಜಯ್ಯ